ಹಿರಿಯ ಶಿಷ್ಯನ ಗಡ್ಡ

"ತಪ್ಪಾಯ್ತು ಸರ್" ಎಂದು ವಿನೀತಾ ಹೇಳಿದಾಗ ತಪ್ಪು ಯಾರದೆಂದು ಇನ್ನೂ ಯಾರೂ ಕೇಳಿರಲಿಲ್ಲ.

ಚರ್ಚಿನ ಹಿಂದಿನ ಹಾಲಿನ ಮೂಲೆಯಲ್ಲಿ ಹಳೆಯ ಸೀರೆ ಕಟ್ಟಿ ಬಣ್ಣದ ಕೋಣೆ ಮಾಡಿದ್ದರು. ಅಲ್ಲಿ ಅವಳ ಸೋದರಮಾವ ಆರೋಗ್ಯಪ್ಪ ಪ್ಲಾಸ್ಟಿಕ್ ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಅವರ ಮುಖದಿಂದ ಆಗಷ್ಟೇ ಬಿಡಿಸಿದ ಬಿಳಿ ಗಡ್ಡ ಟವೆಲಿನ ಮೇಲೆ ಬಿದ್ದಿತ್ತು. ಗಡ್ಡವಿದ್ದ ಜಾಗ, ಈ ಕಿವಿಯಿಂದ ಆ ಕಿವಿಯವರೆಗೆ, ಬಿಸಿ ಎಣ್ಣೆ ಸಿಡಿದ ಹಾಗೆ ಕೆಂಪಾಗಿತ್ತು. ಗದ್ದದ ಕೆಳಗೆ ಎರಡು ಕಡೆ ಚರ್ಮ ಗಡ್ಡದ ಜೊತೆಗೇ ಕಿತ್ತು ಬಂದಿತ್ತು.

ಅಂದು ಗರಿಗಳ ಭಾನುವಾರ, ಈಸ್ಟರಿಗೆ ಒಂದು ವಾರ ಮೊದಲು. ನಲವತ್ತು ದಿನದ ತಪಸ್ಸುಕಾಲದ ನಾಟಕ ಆಗಷ್ಟೇ ಮುಗಿದು ಹೊರಗೆ ಜನ ಇನ್ನೂ ಅದರ ಮಾತನ್ನೇ ಆಡುತ್ತಿದ್ದರು. "ಆರೋಗ್ಯಪ್ಪ ಈ ಸಲ ನಿಜವಾಗ್ಲೂ ಅತ್ಬುಟ್ಟ ಕಣೋ, ನೋಡಿದ್ಯಾ?" ಎಂದು ಯಾರೋ ಹೇಳಿದ್ದು ಸೀರೆಯಾಚೆಯಿಂದ ಕೇಳಿಸಿತು. ಗುರುವನ್ನು ಸೈನಿಕರು ಎಳೆದೊಯ್ಯುವಾಗ 'ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ' ಎಂದು ಹೆದರಿ ಹೇಳಿ, ಆಮೇಲೆ ಕೋಳಿ ಕೂಗಿದಾಗ ಕುಸಿದು ಅಳುವ ಹಿರಿಯ ಶಿಷ್ಯನ ಪಾತ್ರ ಅವರದು. ಇಪ್ಪತ್ತೆರಡು ವರ್ಷದಿಂದ ಅವರೇ ಮಾಡುತ್ತ ಬಂದಿದ್ದರು. ಈ ವರ್ಷ ಅವರಿಗೆ ಕಣ್ಣೀರು ಬಂದದ್ದು ಯಾಕೆಂದು ಸೀರೆಯ ಒಳಗಿದ್ದವರಿಗೆ ಮಾತ್ರ ಗೊತ್ತಿತ್ತು.

"ಗಡ್ಡ ಅಂಟಿಸೋ ಗಮ್ಮನ್ನ ಟೆಸ್ಟ್ ಮಾಡಿದ್ಯಾ?" ಎಂದು ಕೇಳಿದರು ಶಿವರಾಮು ಮೇಷ್ಟ್ರು.

ನಲವತ್ತು ವರ್ಷದಿಂದ ಮೈಸೂರಿನ ನಾಟಕದವರ ಮುಖಕ್ಕೆ ಬಣ್ಣ ಹಚ್ಚಿದವರು ಅವರು. ರಾಮಕೃಷ್ಣನಗರದಲ್ಲಿ ಒಂದು ಮಹಡಿ ಮೇಲೆ ವಾರಕ್ಕೆ ಮೂರು ಸಂಜೆ ಪ್ರಸಾಧನದ ತರಗತಿ ನಡೆಸುತ್ತಿದ್ದರು. ವಿನೀತಾ ಅಲ್ಲಿ ಆರು ತಿಂಗಳಿಂದ ಕಲಿಯುತ್ತಿದ್ದಳು. ಈ ಸಲ ನಮ್ಮ ನಾಟಕಕ್ಕೆ ಮೇಷ್ಟ್ರನ್ನೇ ಕರೆಸೋಣ ಎಂದು ಸಮಿತಿಯ ಕಾರ್ಯದರ್ಶಿ ಎಡ್ವಿನ್‌ನ ಬೆನ್ನು ಹತ್ತಿ ಒಪ್ಪಿಸಿದವಳೂ ಅವಳೇ.

"ಶುಕ್ರವಾರ ಮಾಡಿದ್ದೆ ಸರ್. ನಿಮ್ಮ ಬಾಟಲಿಯಿಂದಾನೇ. ಏನೂ ಆಗಿರಲಿಲ್ಲ."

"ಎಲ್ಲಿಗೆ ಹಚ್ಚಿದ್ದೆ?"

"ಮಾವನ ಕಿವಿ ಹಿಂದೆ."

"ಕಿವಿ ಹಿಂದೆ ಯಾರಾದ್ರೂ ಶೇವ್ ಮಾಡ್ತಾರೇನಮ್ಮ?" ಮೇಷ್ಟ್ರು ಎಡ್ವಿನ್ ಕಡೆಗೆ ತಿರುಗಿದರು. "ನೋಡಿ ಎಡ್ವಿನ್ನವರೇ. ಒಂದೇ ಬಾಟಲಿ ಗಮ್ಮು, ಹತ್ತೊಂಬತ್ತು ಗಡ್ಡ. ಹದಿನೆಂಟು ಜನ ಚೆನ್ನಾಗಿದಾರೆ. ಇವರೊಬ್ಬರಿಗೆ ಹಿಂಗಾಗಿದೆ ಅಂದ್ರೆ ಗಮ್ಮಿಂದೋ ತಪ್ಪು, ಕೈದೋ? ಕಲಿಯೋ ಹುಡುಗಿ ಅಂತ ಬಿಟ್ಟೆ. ಬಿಡಬಾರದಿತ್ತು."

ಆಗಲೇ ಅವಳು ಎರಡನೆಯ ಸಲ ಹೇಳಿದ್ದು. "ಹೌದು ಸರ್. ನಂದೇ ತಪ್ಪು."

ಆರೋಗ್ಯಪ್ಪ ಕಣ್ಣೆತ್ತಿ ಸೋದರಸೊಸೆಯನ್ನು ನೋಡಿದರು. ತುಟಿ ಅಲ್ಲಾಡಿಸಿದರೆ ಉರಿಯುತ್ತಿತ್ತು.

ವಿನೀತಾ ಹುಟ್ಟಿದ್ದೇ ಕ್ಷಮೆ ಕೇಳಿಕೊಂಡು ಎಂದು ಆರೋಗ್ಯಪ್ಪನವರ ಹೆಂಡತಿ ವಿಕ್ಟೋರಿಯಾ ಅತ್ತೆ ತಮಾಷೆ ಮಾಡುವುದಿತ್ತು. ಬಸ್ಸಿನಲ್ಲಿ ಬೇರೆಯವರು ಅವಳ ಕಾಲು ತುಳಿದರೆ ಅವಳೇ ಸಾರಿ ಅನ್ನುತ್ತಿದ್ದಳು. ಲಷ್ಕರ್ ಮೊಹಲ್ಲಾದ ಔಷಧಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಮಾತ್ರೆ ಕೊಟ್ಟು ಕಳಿಸಿದ ಮೇಲೂ ಚೀಟಿಯನ್ನು ಇನ್ನೊಮ್ಮೆ ನೆನಪಿಸಿಕೊಂಡು, ಗಿರಾಕಿ ರಸ್ತೆ ದಾಟುವಷ್ಟರಲ್ಲಿ ಓಡಿಹೋಗಿ ಮಾತ್ರೆಯ ಸ್ಟ್ರಿಪ್ ಪರೀಕ್ಷಿಸಿ ಬಂದವಳು. ಒಮ್ಮೆಯೂ ತಪ್ಪಿರಲಿಲ್ಲ. ಆದರೂ ಮುಂದಿನ ಸಲ ಓಡುವುದು ತಪ್ಪುತ್ತಿರಲಿಲ್ಲ.

ಬಣ್ಣದ ತರಗತಿಗೂ ಅದೇ ಭಯವನ್ನು ಹೊತ್ತುಕೊಂಡೇ ಸೇರಿದ್ದಳು. ಮೊದಲ ದಿನ ಮೇಷ್ಟ್ರು ಹೇಳಿದ್ದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಳು: 'ನಿನ್ನ ದವಡೆಗೆ ಹಚ್ಚಿಕೊಳ್ಳದೆ ಇನ್ನೊಬ್ಬರ ದವಡೆಗೆ ಏನನ್ನೂ ಹಚ್ಚಬೇಡ.' ಅಂದು ಮೇಷ್ಟ್ರು ತಮ್ಮ ನುಣುಪು ದವಡೆಯನ್ನು ತಟ್ಟಿಕೊಂಡು, ಈ ಚರ್ಮ ನಲವತ್ತು ವರ್ಷದ ಪರೀಕ್ಷೆ ಬರೆದಿದೆ ಎಂದಿದ್ದರು. ಅವರ ಕೈಚಳಕ ನಿಜಕ್ಕೂ ದೊಡ್ಡದು. ಗಡ್ಡದ ಎಳೆಗಳನ್ನು ಒದ್ದೆ ಮಾಡಿ ನೇರಗೊಳಿಸಿ, ಗದ್ದದ ಅಡಿಯಿಂದ ಶುರು ಮಾಡಿ ಹೆಂಚು ಹೊದಿಸಿದ ಹಾಗೆ ಸಾಲು ಸಾಲಾಗಿ ಮೇಲಕ್ಕೆ ಅಂಟಿಸುತ್ತ ಬಂದರೆ, ಹತ್ತೇ ನಿಮಿಷದಲ್ಲಿ ಎದುರಿಗಿದ್ದ ಮನುಷ್ಯ ಮಾಯವಾಗಿ ಬೇರೆ ಯಾರೋ ಕೂತಿರುತ್ತಿದ್ದರು. ಅದನ್ನು ನೋಡುತ್ತ ವಿನೀತಾ ನೋಟ್‌ಬುಕ್ಕಿನಲ್ಲಿ ಬರೆಯುವುದನ್ನೇ ಮರೆಯುತ್ತಿದ್ದಳು. ಅಂಥ ಕೈ ತಪ್ಪು ಮಾಡಬಹುದು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅದೇ ಈಗ ಅವಳನ್ನು ಕೊರೆಯುತ್ತಿದ್ದದ್ದು.

ಯಾಕೆಂದರೆ ಆ ಸಂಜೆ ಅವಳಿಗೆ ವಾಸನೆ ಬಂದಿತ್ತು.

ಅಷ್ಟು ಹೊತ್ತಿಗೆ ಉಳಿದ ಹದಿನೆಂಟು ಗಡ್ಡವನ್ನು ಮೇಷ್ಟ್ರೇ ಮುಗಿಸಿದ್ದರು, ಬಾಟಲಿ ಅವಳ ಕೈಗೆ ಬಂದದ್ದು ಆಮೇಲೆ. ಅವು ಸುಲಭದ ಗಡ್ಡಗಳು. ಈ ಚರ್ಚಿನ ಧರ್ಮಕೇಂದ್ರದಲ್ಲಿ ನಾಟಕಕ್ಕೆ ಸೇರಿದ ಗಂಡಸರು ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಬ್ಲೇಡು ಮುಟ್ಟುವುದಿಲ್ಲ. ನಾಟಕದ ಹೊತ್ತಿಗೆ ಎಲ್ಲರ ಮುಖದಲ್ಲೂ ಸ್ವಂತ ಗಡ್ಡ ಬಂದಿರುತ್ತದೆ. ಕೂದಲು ತೆಳುವಾಗಿರುವ ಕಡೆ ಒಂದಿಷ್ಟು ಎಳೆ ಅಂಟಿಸಿದರೆ ಸಾಕು. ಆರೋಗ್ಯಪ್ಪ ಮಾತ್ರ ಬೇರೆ. ಅವರು ಒಂದು ದೊಡ್ಡ ಹೋಟೆಲಿನ ಬಾಗಿಲಲ್ಲಿ ಪೇಟ ಸುತ್ತಿಕೊಂಡು ನಿಂತು, ಬಂದವರಿಗೆ ಸಲಾಮು ಹೊಡೆಯುವವರು. ದಿನಾ ಶೇವ್ ಮಾಡಬೇಕೆಂಬುದು ಅಲ್ಲಿಯ ಕಾನೂನು. ಆವತ್ತೂ ಬೆಳಗಿನ ಡ್ಯೂಟಿ ಮುಗಿಸಿಯೇ ಬಂದಿದ್ದರು. ಹಾಗಾಗಿ ಪೂರ್ತಿ ಗಡ್ಡ ಅಂಟಿಸಬೇಕಾದ್ದು ಅವರೊಬ್ಬರಿಗೇ.

ಬಾಟಲಿ ಬಗ್ಗಿಸಿದಾಗ ಗಮ್ಮು ನೀರಿನ ಹಾಗೆ ಸುರಿಯಿತು. ಜೊತೆಗೆ ಆ ವಾಸನೆ. ಔಷಧಿ ಅಂಗಡಿಯ ಪಕ್ಕದ ಗೋಡೆಗೆ ಬಣ್ಣದ ಅಂಗಡಿ, ಅಲ್ಲಿಯ ಥಿನ್ನರ್ ವಾಸನೆಯನ್ನು ಹನ್ನೊಂದು ವರ್ಷದಿಂದ ಕುಡಿದಿದ್ದಳು. ಮೇಷ್ಟ್ರ ಪೆಟ್ಟಿಗೆಯಲ್ಲಿ ಬ್ರಷ್ ತೊಳೆಯಲು ಒಂದು ಥಿನ್ನರ್ ಡಬ್ಬಿ ಇದ್ದದ್ದೂ ಅವಳಿಗೆ ಗೊತ್ತು.

"ಸರ್, ಇದು ಬೇರೆ ಥರ ವಾಸನೆ ಬರ್ತಿದೆ" ಎಂದಿದ್ದಳು.

"ನಿಂದು ಔಷಧಿ ಅಂಗಡಿ ಮೂಗು. ನೀರು ಕೊಟ್ರೂ ಅದರಲ್ಲಿ ವಾಸನೆ ಹಿಡೀತೀಯ. ಹಚ್ಚಮ್ಮ, ಗಂಟೆ ಹೊಡೀತಾರೆ ಈಗ."

ಸುತ್ತಲಿದ್ದ ಶಿಷ್ಯರೂ ಸೈನಿಕರೂ ನಕ್ಕರು. ಅವಳೂ ನಕ್ಕಳು. ನಕ್ಕು, ಹಚ್ಚಿದಳು.

ಸೋಮವಾರ ಬೆಳಿಗ್ಗೆ ಎಡ್ವಿನ್ ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಬರೆದ: 'ನಿನ್ನೆ ಮೇಕಪ್ಪಿನಲ್ಲಿ ಆದ ತೊಂದರೆ ಕಲಿಕೆಯ ವಿದ್ಯಾರ್ಥಿನಿಯಿಂದ ಆದದ್ದು. ಅವರೇ ಒಪ್ಪಿಕೊಂಡಿದ್ದಾರೆ. ಶಿವರಾಮು ಅವರ ಸೇವೆಗೆ ಧನ್ಯವಾದ.' ಅದರ ಕೆಳಗೆ ನಲವತ್ತೆರಡು ಜನ ಕೈಮುಗಿದ ಚಿತ್ರ ಹಾಕಿದರು. ಅದೇ ದಿನ ಮಧ್ಯಾಹ್ನ ಅದೇ ಗುಂಪಿನ ಜೆನಿಫರಳಿಂದ ಮೆಸೇಜು ಬಂತು. ಹಬ್ಬ ಕಳೆದ ಮೇಲೆ ಅವಳ ಮದುವೆ, ಮದುಮಗಳ ಅಲಂಕಾರ ವಿನೀತಾಳೇ ಮಾಡಬೇಕೆಂದು ಮಾತಾಗಿತ್ತು. 'ಅಕ್ಕಾ, ಬೇಜಾರು ಮಾಡ್ಕೋಬೇಡಿ, ಅಮ್ಮ ಹೆದರ್ತಿದಾರೆ. ಬೇರೆಯವರಿಗೆ ಹೇಳಿದೀವಿ.'

ವಿನೀತಾ ಅದಕ್ಕೂ 'ಸಾರಿ' ಎಂದು ಬರೆದು ಕಳಿಸಿದಳು. ಕಳಿಸಿದ ಮೇಲೆ ಆ ಪದವನ್ನೇ ನೋಡುತ್ತ ಕೂತಳು. ಬೆರಳುಗಳು ಕೇಳದೆಯೇ ಬರೆದಿದ್ದವು. ತನ್ನ ಕೈಗೆ ಮುಖ ಒಡ್ಡುವವರು ಇನ್ನು ಈ ಊರಿನಲ್ಲಿ ಯಾರೂ ಇರುವುದಿಲ್ಲ ಎಂದು ಆಗ ಅವಳಿಗೆ ಅರ್ಥವಾಯಿತು. ಫೋನನ್ನು ಮಗುಚಿ ಠಪ್ಪೆಂದು ಇಟ್ಟಳು. ಅದು ಸಿಟ್ಟೆಂದು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಅಭ್ಯಾಸ ತಪ್ಪಿತ್ತು. ಗುರುತಿಸಿದ ಮೇಲೂ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಮೇಷ್ಟ್ರ ಲೆಕ್ಕ ಸರಿಯಾಗಿಯೇ ಇತ್ತಲ್ಲ. ಹದಿನೆಂಟು ಜನರಿಗೆ ಏನೂ ಆಗಿರಲಿಲ್ಲ. ಹಾಗಾದರೆ ತನ್ನ ಮೂಗೇ ಸುಳ್ಳು ಹೇಳಿತ್ತೋ ಏನೋ. ವಾರವಿಡೀ ಅಂಗಡಿಯಲ್ಲಿ ಪಕ್ಕದ ಗೋಡೆಯಿಂದ ಥಿನ್ನರ್ ವಾಸನೆ ಬಂದಾಗಲೆಲ್ಲ ಕೈ ನಿಲ್ಲಿಸಿ ಮೂಸಿದಳು. ಇದೇ. ಇದೇ ಅಲ್ಲವೇ? ಇದೇ ಇರಬೇಕು.

ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಬೆಳಿಗ್ಗೆ ಉತ್ತರ ಸಿಕ್ಕಿತು. ಆ ದಿನ ನಾಟಕದ ಗಂಡಸರೆಲ್ಲ ಗಡ್ಡ ತೆಗೆಸಿ ಹೊಸ ಬಟ್ಟೆ ಹಾಕಿ ಪೂಜೆಗೆ ಬರುತ್ತಾರೆ. ನಲವತ್ತು ದಿನ ಮುಚ್ಚಿದ್ದ ಕೆನ್ನೆಗಳು ಬಿಳಿಚಿಕೊಂಡು, ಎಲ್ಲರೂ ಸ್ವಲ್ಪ ಎಳಸಾಗಿ ಕಾಣುತ್ತಾರೆ. ಪೂಜೆ ಮುಗಿದು ಅಂಗಳದಲ್ಲಿ ಕೇಕು ಹಂಚುವಾಗ ಎಡ್ವಿನ್ ಎದುರಿಗೆ ಬಂದ. ಅವನ ಎಡಗೆನ್ನೆಯ ಮೇಲೆ ಒಂದು ಕಂದು ಕಲೆ. ಅಂಚಿನಲ್ಲಿ ಚರ್ಮ ಸಿಪ್ಪೆಯೆದ್ದಿತ್ತು.

"ಅದೇನು ಎಡ್ವಿನ್, ಕೆನ್ನೇಲಿ?"

"ಇದಾ? ನಾಟಕದ ದಿನದಿಂದ ಉರೀತಿತ್ತು. ತಪಸ್ಸುಕಾಲ ಅಲ್ವಾ, ಇದೂ ಒಂದು ತ್ಯಾಗ ಅಂತ ಸಹಿಸ್ಕೊಂಡೆ" ಎಂದು ನಕ್ಕ. "ಸೈನಿಕನ ಪಾರ್ಟು ಮಾಡಿದ ಫ್ರೆಡ್ಡಿಗೂ ಒಂಚೂರು ಹಿಂಗೇ ಆಗಿದೆಯಂತೆ, ಗದ್ದದತ್ರ."

ವಿನೀತಾ ಚೀಲದಿಂದ ನೋಟ್‌ಬುಕ್ಕು ತೆಗೆದಳು. ಹತ್ತೊಂಬತ್ತು ಮುಖಕ್ಕೂ ಒಂದೊಂದು ಪುಟ ಇತ್ತು. 'ಎಡ್ವಿನ್. ಎಡಗೆನ್ನೆ, ಎಂಟಾಣೆ ಅಗಲ ಕೂದಲಿಲ್ಲ. ಎಳೆ ಅಂಟಿಸುವುದು.' 'ಫ್ರೆಡ್ಡಿ. ಗದ್ದದ ಬಲಕ್ಕೆ ಹಳೇ ಗಾಯ, ಕೂದಲಿಲ್ಲ.' ಉಳಿದವರಿಗೆಲ್ಲ ಗಮ್ಮು ಬಿದ್ದದ್ದು ಅವರ ಸ್ವಂತ ಗಡ್ಡದ ಮೇಲೆ. ಬರೀ ಚರ್ಮಕ್ಕೆ ತಾಗಿದ್ದು ಈ ಎರಡು ಚುಕ್ಕೆ ಜಾಗದಲ್ಲಿ, ಮತ್ತು ಬೆಳಿಗ್ಗೆಯಷ್ಟೇ ಬ್ಲೇಡು ಆಡಿಸಿದ ಆರೋಗ್ಯಪ್ಪನವರ ಮುಖದ ತುಂಬ. ಉಳಿದವರನ್ನು ಕಾಪಾಡಿದ್ದು ಗಡ್ಡ. ಗಮ್ಮು ಎಲ್ಲರಿಗೂ ಒಂದೇ ಆಗಿತ್ತು.

ಅವಳು ಅದನ್ನು ಎಡ್ವಿನ್‌ಗೆ ತೋರಿಸಿದಳು. ಅವನು ಕೇಕು ತಿನ್ನುವುದನ್ನು ನಿಲ್ಲಿಸಿ ಓದಿದ. ಕೆನ್ನೆ ಮುಟ್ಟಿ ನೋಡಿಕೊಂಡ.

"ಸರಿ ಇರಬೋದು ಕಣಮ್ಮ. ಆದ್ರೆ ಹಬ್ಬದ ದಿನ ಯಾಕೆ ಅದೆಲ್ಲ? ನೀನೇ ಒಪ್ಕೊಂಡಿದ್ದೆ. ನಾನು ಬರೆದಾಯ್ತು, ಜನ ಓದಾಯ್ತು. ಮರ್ತುಬುಡು."

"ಇನ್ನೊಂದ್ಸಲ ಬರೀರಿ."

"ಏನಂತ?"

"ಗಮ್ಮಲ್ಲಿ ಥಿನ್ನರ್ ಇತ್ತು ಅಂತ."

"ನೀನು ನೋಡಿದ್ಯಾ ಅವರು ಹಾಕಿದ್ದು?"

ಅವಳು ನೋಡಿರಲಿಲ್ಲ. ಎಡ್ವಿನ್ ಅವಳ ಭುಜ ತಟ್ಟಿ, ಬಾಯಿಗೆ ಕೇಕು ಹಾಕಿಕೊಂಡು ಮುಂದೆ ಹೋದ. ವಿನೀತಾ ಆ ಎರಡು ಪುಟಗಳ ಮೂಲೆ ಮಡಚಿ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಮಾವನ ಮನೆಯಲ್ಲಿ ಊಟ. ಆರೋಗ್ಯಪ್ಪನವರ ಮುಖ ಒಣಗಿ ಚಕ್ಕೆ ಚಕ್ಕೆಯಾಗಿತ್ತು. ವಿಕ್ಟೋರಿಯಾ ಅವರಿಗೆ ಖಾರವಿಲ್ಲದ ಸಾರು ಬೇರೆ ಮಾಡಿದ್ದರು. ಆ ಮುಖ ಇಟ್ಟುಕೊಂಡು ಮುಂಬಾಗಿಲಲ್ಲಿ ನಿಲ್ಲಬೇಡಿ ಎಂದು ಹೋಟೆಲಿನವರು ಅವರನ್ನು ತರಕಾರಿ ಗಾಡಿ ಬರುವ ಹಿಂದಿನ ಗೇಟಿಗೆ ಹಾಕಿದ್ದರು. ವಿನೀತಾ ಎಲ್ಲವನ್ನೂ ಹೇಳಿದಳು. ಎಡ್ವಿನ್‌ನ ಕಲೆ, ನೋಟ್‌ಬುಕ್ಕು. ಕೊನೆಗೆ ವಾಸನೆಯನ್ನೂ.

ಮಾವ ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಂದ್ರೆ ನಿಂಗೆ ವಾಸನೆ ಬಂದಿತ್ತು."

"ಬಂದಿತ್ತು ಮಾವ."

"ಬಂದ್ರೂ ಹಚ್ಚಿದೆ."

"ಹಚ್ಚಿದೆ. ಸಾರಿ ಮಾ..."

"ಸಾರಿ ಅಂದ್ರೆ ತಟ್ಟೆ ಬುಟ್ಟು ಎದ್ದೋಯ್ತೀನಿ ನೋಡು." ದನಿ ಏರಿಸಲು ಮುಖ ಬಿಡುತ್ತಿರಲಿಲ್ಲ, ಹಾಗಾಗಿ ಮಾತು ಹಲ್ಲಿನ ಸಂದಿಯಿಂದ ಬಂತು. "ಗಾಯ ಆದದ್ದಕ್ಕೆ ನಂಗೆ ಕೋಪ ಇಲ್ಲ. ಮುಖ ನಂದು, ವಾಸಿ ಆಯ್ತದೆ. ನಾನಲ್ಲಿ ಉರ್ಕೊಂಡು ಕೂತಿದ್ರೆ ನೀನು ಆ ಮನುಷ್ಯನ ಮುಂದೆ ನಿಂತ್ಕೊಂಡು, ನಂದೇ ತಪ್ಪು ನಂದೇ ತಪ್ಪು ಅಂತ ಸುಳ್ಳು ಹೇಳಿದ್ಯಲ್ಲ. ಅದಕ್ಕೆ ಕೋಪ. ಗೊತ್ತಿದ್ರೂ ಗೊತ್ತಿಲ್ಲ ಅನ್ನೋ ಪಾರ್ಟು ನಂದು ಕಣಮ್ಮ. ಇಪ್ಪತ್ತೆರಡು ವರ್ಷದಿಂದ ನಾನೇ ಮಾಡ್ತಿರೋದು. ನೀನ್ಯಾಕೆ ಮಧ್ಯ ಬಂದು ಕಿತ್ಕೊಂಡೆ?"

ವಿಕ್ಟೋರಿಯಾ ನಗಬೇಕೋ ಬೇಡವೋ ತಿಳಿಯದೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ವಿನೀತಾ ತಟ್ಟೆಯಲ್ಲಿದ್ದ ಅನ್ನವನ್ನು ಒಂದಗುಳೂ ಬಿಡದೆ ಉಂಡಳು.

ಮರುದಿನ ಸೋಮವಾರ ಕೋರ್ಸಿನ ಕೊನೆಯ ಪಾಠ. ವಿನೀತಾ ದಿನದಂತೆ ಎಲ್ಲರಿಗಿಂತ ಮುಂಚೆ ಹೋದಳು. ಪೆಟ್ಟಿಗೆ ತೆಗೆದು ಸಾಮಾನು ಜೋಡಿಸುವುದು ಅವಳ ಕೆಲಸ. ಗಮ್ಮಿನ ಕಂದು ಬಾಟಲಿ ಅದರ ಗೂಡಿನಲ್ಲೇ ಇತ್ತು, ಕಾಲು ಭಾಗ ಉಳಿದಿತ್ತು. ಮೇಷ್ಟ್ರು ಯಾವುದನ್ನೂ ಎಸೆಯುವವರಲ್ಲ. ಅವಳು ಮುಚ್ಚಳ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಲಿಲ್ಲ.

ಆರೂವರೆಗೆ ಎಂಟು ವಿದ್ಯಾರ್ಥಿಗಳೂ ಬಂದರು. ಮೇಷ್ಟ್ರು ಶೇವ್ ಮಾಡಿ ಪೌಡರ್ ಹಾಕಿದ ಮುಖದಲ್ಲಿ ಬಂದು, ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲಿಟ್ಟು ಕೂತರು. "ಇವತ್ತು ಏನಾದ್ರೂ ಅನುಮಾನ ಇದ್ರೆ ಕೇಳಿ" ಎಂದರು.

ವಿನೀತಾ ಎದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಾಟಲಿಯನ್ನು ಮೇಜಿನ ಮೇಲೆ ಇಟ್ಟಳು, ಪಕ್ಕದಲ್ಲಿ ಒಂದು ಬ್ರಷ್.

"ಸರ್, ಇದನ್ನ ನಿಮ್ಮ ದವಡೆಗೆ ಹಚ್ಕೊಳ್ಳಿ."

"ಏನು?"

"ಮೊದಲನೇ ದಿನ ನೀವೇ ಬರೆಸಿದ್ದು. ಇವತ್ತು ಬೆಳಿಗ್ಗೆ ಶೇವ್ ಮಾಡಿದೀರಿ. ಮಾವನೂ ಮಾಡಿದ್ರು. ಹಚ್ಕೊಂಡು ಎರಡು ಗಂಟೆ ಕೂತ್ಕೊಳ್ಳಿ, ನಾಟಕ ಅಷ್ಟೊತ್ತು ಇತ್ತು. ಏನೂ ಆಗ್ದೇ ಇದ್ರೆ ತಪ್ಪು ನಂದು ಅಂತ ಚರ್ಚಿನ ಮೈಕಲ್ಲಿ ಹೇಳ್ತೀನಿ."

ಮುಂದಿನ ಸಾಲಿನಲ್ಲಿ ಪದ್ಮಾವತಿ ಕೂತಿದ್ದಳು. ಅಶೋಕಪುರಂನವಳು, ಹಗಲು ಹೊಲಿಗೆ ಕೆಲಸ ಮಾಡುತ್ತಿದ್ದಳು, ಬಾಯಿ ಸ್ವಲ್ಪ ಜೋರು. ಅವಳು ಕೈ ಚಾಚಿ ಬಾಟಲಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡಳು.

"ಅಯ್ಯಪ್ಪ. ಬೀರುಗೆ ಪಾಲಿಶ್ ಹೊಡೆಯೋದಾ ಸಾರ್ ಇದು?"

"ನಾಟಕದ ದಿನ ಗಮ್ಮು ಗಟ್ಟಿಯಾಗಿತ್ತು" ಎಂದರು ಮೇಷ್ಟ್ರು. "ಒಂದೆರಡು ಹನಿ ಹಾಕಿದ್ರೆ ಏನಾಗತ್ತೆ? ನಾನು ನಲವತ್ತು ವರ್ಷದಿಂದ..."

"ಹಾಗಾದ್ರೆ ಹಚ್ಕೊಳ್ಳಿ" ಎಂದಳು ವಿನೀತಾ. ಅವಳ ದನಿ ನಡುಗುತ್ತಿತ್ತು. ಅದು ನಡುಗುತ್ತಿದೆ ಎಂದು ಎಲ್ಲರಿಗೂ ಕೇಳಿಸುತ್ತಿದೆ ಎಂಬುದೂ ಅವಳಿಗೆ ಗೊತ್ತಿತ್ತು. ನಡುಗಲಿ ಎಂದುಕೊಂಡು ಬ್ರಷ್ಷನ್ನು ಅದ್ದಿ ಅವರ ಕಡೆಗೆ ಚಾಚಿದಳು.

ಮೇಷ್ಟ್ರ ಬಲಗೈ ತಾನಾಗಿಯೇ ಮೇಲೆದ್ದು ಅವರ ಕೆನ್ನೆಯನ್ನು ಮುಚ್ಚಿಕೊಂಡಿತು.

ಅದನ್ನು ಎಂಟೂ ಜನ ನೋಡಿದರು. ಮೇಷ್ಟ್ರಿಗೂ ಅದು ಗೊತ್ತಾಯಿತು. ಆದರೂ ಕೈ ಕೆಳಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ನಾನೂ ತಪ್ಪು ಮಾಡಿದೀನಿ" ಎಂದಳು ವಿನೀತಾ. "ಟೆಸ್ಟ್ ಮಾಡಿದ್ದೆ, ಅದರಲ್ಲಿ ತಪ್ಪಿಲ್ಲ. ಮೂಗಿಗೆ ಗೊತ್ತಾಗಿತ್ತು, ನಿಮ್ಮ ಮಾತು ಕೇಳಿ ಹಚ್ಚಿದೆ. ಅದು ನನ್ನ ತಪ್ಪು. ಅದನ್ನ ಮಾವನ ಮುಂದೆ ಹೇಳಿ ಬಂದಿದೀನಿ. ನೀವು ಯಾರ ಮುಂದೆ ಹೇಳ್ತೀರಿ?"

ಮೇಷ್ಟ್ರ ಮುಖ ಪೌಡರಿನ ಕೆಳಗೆ ಕಪ್ಪಿಟ್ಟಿತು. ಕವರಿನಿಂದ ಒಂದು ಸರ್ಟಿಫಿಕೇಟು ಹೊರಗೆ ತೆಗೆದು, ಹೆಸರು ಓದಿ, ಮೇಜಿನ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಇದಿಲ್ಲದೆ ಈ ಊರಲ್ಲಿ ಯಾರ ಮುಖ ಮುಟ್ತೀಯ, ನಾನೂ ನೋಡ್ತೀನಿ. ಒಂದು ನಾಟಕದವರು ಒಳಗೆ ಬಿಟ್ಕೊಂಡ್ರೆ ಹೇಳು."

ವಿನೀತಾ ನೋಟ್‌ಬುಕ್ಕು ಚೀಲಕ್ಕೆ ಹಾಕಿಕೊಂಡಳು. ಬಾಟಲಿಯ ಮುಚ್ಚಳ ಮುಚ್ಚಲಿಲ್ಲ. ಸಾಮಾನು ಬಳಸಿದ ಮೇಲೆ ಮುಚ್ಚಳ ಮುಚ್ಚದೆ ಎದ್ದು ಹೋದದ್ದು ಆರು ತಿಂಗಳಲ್ಲಿ ಅದೇ ಮೊದಲು. ಬಾಗಿಲು ದಾಟುವಾಗ ಹಿಂದೆ ಯಾರೋ ಕಿಟಕಿ ತೆಗೆಯುವ ಸದ್ದು ಕೇಳಿಸಿತು. ವಾಸನೆ ತಡೆಯಲಾಗಿರಲಿಲ್ಲ.

ಅವಳು ಮೆಟ್ಟಿಲಿಳಿಯತೊಡಗಿದಳು. ಹಾಗೆ ಹೇಳಬಾರದಿತ್ತೇನೋ, ಎಷ್ಟಾದರೂ ಕಲಿಸಿದವರು ಎಂಬ ಹಳೆಯ ರಾಗ ತಲೆಯಲ್ಲಿ ಶುರುವಾಗಿತ್ತು. ಅದರ ಜೊತೆಗೇ ಆ ಮುಚ್ಚಿಕೊಂಡ ಕೆನ್ನೆಯೂ ಕಣ್ಣ ಮುಂದೆ ಬಂತು. ಗೊತ್ತಿತ್ತು ಅವರಿಗೆ. ಆ ಕೈಗೆ ಗೊತ್ತಿತ್ತು. ಗೊತ್ತಿದ್ದೂ ಮಾವನ ಮುಖದ ಮುಂದೆ ನಿಂತು ಹದಿನೆಂಟು, ಹತ್ತೊಂಬತ್ತು ಎಂದು ಲೆಕ್ಕ ಒಪ್ಪಿಸಿದ್ದರು. ಸಿಟ್ಟು ಮತ್ತೆ ಏರಿತು. ಈ ಸಲ ಅದನ್ನು ಎಲ್ಲಿಡಬೇಕೆಂದು ಅವಳು ಹುಡುಕಬೇಕಾಗಲಿಲ್ಲ.

"ನಿಂತ್ಕೊಳ್ರೀ" ಎಂದು ಹಿಂದಿನಿಂದ ಪದ್ಮಾವತಿ ಧಡಧಡ ಇಳಿದು ಬಂದಳು. "ಸಕ್ಕತ್ತಾಗಿ ಕೊಟ್ಬುಟ್ರಿ. ನನ್ ಸರ್ಟಿಫಿಕೇಟೂ ಒಳಗೇ ಬಿತ್ತು ಅನ್ಸತ್ತೆ, ಪಾಲಿಶ್ ಅಂದಿದ್ದಕ್ಕೆ. ಹೋಗ್ಲಿ, ಅದಕ್ಕೆ ಕಟ್ಟು ಹಾಕ್ಸೋಕೆ ನಮ್ಮನೇಲಿ ಗೋಡೆನೂ ಇಲ್ಲ." ಉಸಿರು ತೆಗೆದುಕೊಂಡಳು. "ಏಪ್ರಿಲ್ ಹದಿನಾಲ್ಕನೇ ತಾರೀಖು ಜಯಂತಿಗೆ ನಮ್ಮ ಬೀದೀಲಿ ನಾಟಕ ಇದೆ. ನಾನೊಬ್ಬಳೇ ಆದ್ರೆ ಆಗಲ್ಲ. ನಾಲ್ಕು ಮೀಸೆ, ಎರಡು ಗಡ್ಡ. ಬರ್ತೀರಾ?"

"ಚರ್ಚಲ್ಲಿ ಏನಾಯ್ತು ಅಂತ ನಿಮ್ಮೋರಿಗೆ ಗೊತ್ತಾ?"

"ನಾನೇ ಹೇಳಿದೀನಿ. ಹೇಳ್ದೇ ಕರ್ಕೊಂಡೋಗಕ್ಕಾಗತ್ತಾ?"

ವಿನೀತಾ ಮೆಟ್ಟಿಲ ಮೇಲೆಯೇ ನಿಂತು ಚೀಲದಿಂದ ನೋಟ್‌ಬುಕ್ಕು ತೆಗೆದಳು. ಅವಳ ಮುಖ ಇನ್ನೂ ಗಂಟಿಕ್ಕಿಕೊಂಡೇ ಇತ್ತು. ಹೊಸ ಪುಟ ತಿರುವಿ ಪೆನ್ನಿನ ಕ್ಯಾಪು ಕಚ್ಚಿ ತೆಗೆದಳು.

"ಗಡ್ಡದವರಿಬ್ಬರ ಹೆಸರು ಹೇಳಿ" ಎಂದಳು. "ದಿನಾ ಶೇವ್ ಮಾಡ್ತಾರಾ ಅವರು?"